ದೋಟಿ ಮುರಿಯುವುದು ಮುರಿದ ದಿನವಲ್ಲ

ಕಳೆದ ಕೊಯ್ಲಿನಲ್ಲಿ ನಮ್ಮ ಅಡಿಕೆ ತೋಟದಲ್ಲಿ ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಮುರಿಯಿತು. ಮರ 35 ಅಡಿ ದಾಟಿರಲಿಲ್ಲ. ಗಾಳಿ ಇರಲಿಲ್ಲ. ಗೊನೆಯೂ ಸಣ್ಣದೇ. ದೋಟಿ ಹಿಡಿದ ಹುಡುಗ ಕತ್ತಿಯನ್ನು ಗೊನೆಯ ಬುಡಕ್ಕೆ ಸಿಕ್ಕಿಸಿ ಒಂದು ಸಲ ಎಳೆದ, ಅಷ್ಟೇ. ಒಣ ಕಟ್ಟಿಗೆ ಮುರಿದ ಹಾಗೆ ಒಂದು ಸದ್ದು. ಮೇಲಿನ ತುಂಡುಗಳು ಸೋಗೆಗೆ ಜೋತುಬಿದ್ದವು, ಬುಡದ ತುಂಡು ಅವನ ಕೈಯಲ್ಲೇ ಉಳಿಯಿತು.

ಸುತ್ತ ನಿಂತವರೆಲ್ಲ ಅವನ ಕಡೆ ತಿರುಗಿದರು. ಫಸಲನ್ನು ಗುತ್ತಿಗೆಗೆ, ಅಂದರೆ ಚೇಣಿಗೆ, ಹಿಡಿದವರು ಕೂಲಿಯಲ್ಲಿ ಮುರಿದುಕೊಳ್ಳುವ ಮಾತೆತ್ತಿದರು. "ನಾನೇನೂ ಮಾಡ್ಲಿಲ್ಲಣ್ಣಾ, ದಿನಾ ಎಳೆದಂಗೇ ಎಳ್ದೆ" ಅಂತ ಅವನು ಹೇಳುತ್ತಲೇ ಇದ್ದ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹತ್ತಾರು ಸಾವಿರ ರೂಪಾಯಿಯ ಸಾಮಾನು ಕಣ್ಣೆದುರೇ ಎರಡು ತುಂಡಾದಾಗ ಕೋಪ ಬರುವುದು ಸಹಜ.

ಸಂಜೆ ಆ ತುಂಡನ್ನು ಜಗಲಿಯ ಮೇಲಿಟ್ಟು ನೋಡಿದೆ. ಮುರಿದ ಬಾಯಿಯ ಮುಕ್ಕಾಲು ಭಾಗ ಹೊಸದಾಗಿ ಸೀಳಿದ ಕಪ್ಪು, ಹೊಳೆಯುವ ನಾರು. ಉಳಿದ ಕಾಲು ಭಾಗ ಮಂಕಾಗಿತ್ತು, ನಾರಿನ ಸಂದಿಯಲ್ಲಿ ಕೆಂಪು ಧೂಳು ಕೂತಿತ್ತು. ಅವತ್ತು ಮುರಿದ ಬಾಯಿಯ ಒಳಗೆ ಧೂಳು ಎಲ್ಲಿಂದ ಬರಬೇಕು? ಹೊರಮೈಯಲ್ಲಿ, ಅದೇ ಜಾಗಕ್ಕೆ ಸರಿಯಾಗಿ, ಉಗುರು ಊರಿದಂಥ ಒಂದು ಬಿಳಿ ಗುರುತು. ವಾರದ ಹಿಂದೆ ಈ ದೋಟಿ ನ್ಯಾಮತಿ ಕಡೆಯ ತೋಟದಿಂದ ಗೂಡ್ಸ್ ಆಟೋದಲ್ಲಿ ಬಂದಿತ್ತು. ಕಬ್ಬಿಣದ ಸರಳಿಗೆ ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿದ್ದರು. ದಾರಿಯುದ್ದಕ್ಕೂ ಗುಂಡಿ. ದೋಟಿ ಅವತ್ತೇ ಆ ಸರಳಿನ ಮೇಲೆ ಮುರಿದಿತ್ತು. ಹುಡುಗನ ಕೈಯಲ್ಲಿ ಅದು ಬರೀ ಬಿದ್ದುಹೋಯಿತು.

ಅವನಿಗೆ ಪೂರ್ತಿ ಕೂಲಿ ಸಿಕ್ಕಿತು. ಆದರೆ ಚನ್ನಗಿರಿಯಿಂದ ಜಗಳೂರಿನವರೆಗೆ ಎಷ್ಟು ತೋಟಗಳಲ್ಲಿ ಹೀಗೆ ಹಿಡಿದವನ ತಲೆಗೆ ತಪ್ಪು ಕಟ್ಟುತ್ತಿದ್ದೇವೋ ಎಂಬ ಸಂಕಟ ಹೋಗಲಿಲ್ಲ. ದೋಟಿಯ ಬಗ್ಗೆ ನಾವು ನಂಬಿಕೊಂಡಿರುವ ಅರ್ಧ ಮಾತುಗಳು ಬಿದಿರಿನ ಕಾಲದವು, ಇನ್ನರ್ಧ ಅಂಗಡಿಯಲ್ಲಿ ಕೇಳಿದವು. ಅವನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ನಮ್ಮ ಸೀಮೆಯಲ್ಲಿ ಒಂದೇ ದೋಟಿ ಬೇರೆಬೇರೆ ಬಗೆಯ ತೋಟಗಳಲ್ಲಿ ದುಡಿಯುತ್ತದೆ. ಚನ್ನಗಿರಿಯಲ್ಲಿ ಭದ್ರಾ ನಾಲೆ, ಸೂಳೆಕೆರೆಯ ನೀರು ಕುಡಿದು ಬೆಳೆದ ಹಳೇ ತೋಟಗಳು. ಅಜ್ಜ ನೆಟ್ಟ ಮರಗಳು 60 ಅಡಿ ಮುಟ್ಟಿವೆ, ಹತ್ತುವವರು ಸಿಗುವುದಿಲ್ಲ. ತುಂಗಭದ್ರೆಯ ದಂಡೆಯ ಹೊನ್ನಾಳಿ ಮತ್ತು ಅದರಿಂದ ಬೇರೆಯಾದ ನ್ಯಾಮತಿಯಲ್ಲಿ ಗದ್ದೆ, ಮೆಕ್ಕೆಜೋಳದ ಹೊಲಗಳು ಒಂದೊಂದಾಗಿ ಅಡಿಕೆಗೆ ತಿರುಗುತ್ತಿವೆ. ಶೇಂಗಾ, ಮೆಕ್ಕೆಜೋಳದ ಒಣ ಸೀಮೆ ಜಗಳೂರಿನಲ್ಲೂ ಕೊಳವೆಬಾವಿ ನಂಬಿ ತೋಟ ಎದ್ದಿವೆ. ಅಲ್ಲಿನ ಎಳೆಮರಗಳಿಗೆ 20 ಅಡಿಯ ಗಳ ಸಾಕು. ಚೇಣಿದಾರರ ಗಾಡಿಯಲ್ಲಿ ಹೋಗುವ ದೋಟಿ ಇವತ್ತು ಇಲ್ಲಿ, ನಾಳೆ ಅಲ್ಲಿ. ತೋಟಗಾರಿಕೆ ಇಲಾಖೆಯ ಸಹಾಯಧನ ಬಂದ ಮೇಲೆ ಸಣ್ಣ ಹಿಡುವಳಿದಾರರೂ ಕೊಂಡಿದ್ದಾರೆ. ಕರಾವಳಿಯಲ್ಲಿ ಕ್ಯಾಂಪ್ಕೊ, ಸಿಪಿಸಿಆರ್‌ಐನಂಥ ಸಂಸ್ಥೆಗಳು ಯುವಕರಿಗೆ ದೋಟಿ ತರಬೇತಿಯನ್ನೇ ಕೊಟ್ಟಿವೆ. ನಮ್ಮಲ್ಲಿ ಬಹಳ ಮಂದಿಗೆ ದೋಟಿ ಬಂತು, ತರಬೇತಿ ಬರಲಿಲ್ಲ.

ಕೊಯ್ಯುವ ದೋಟಿಗೆ ಒಬ್ಬ ದಾಯಾದಿ ಇದ್ದಾನೆ, ಔಷಧಿ ಹೊಡೆಯುವ ದೋಟಿ. ತುದಿಯಲ್ಲಿ ನಾಜಲ್, ಗಳದ ಉದ್ದಕ್ಕೂ ಪೈಪು, ಕೆಳಗೆ ಪಂಪು. ಬೆಂಗಳೂರಿನ ಗಾಜಿನ ಕಟ್ಟಡಗಳ ಕಿಟಕಿಯನ್ನು ನೆಲದಲ್ಲೇ ನಿಂತು ತೊಳೆಯಲು ಬಳಸುವ ನೀರು ಏರುವ ಗಳವೂ ಇದೇ ಸಾಮಾನು. ಔಷಧಿಯ ಜಾಗದಲ್ಲಿ ಶುದ್ಧ ನೀರು, ನಾಜಲ್ ಜಾಗದಲ್ಲಿ ಬ್ರಷ್. ಮೂರೂ ಮುರಿಯುವುದು ಒಂದೇ ಕಾರಣಗಳಿಗೆ.

"ಉಕ್ಕಿಗಿಂತ ಗಟ್ಟಿ, ವಿಮಾನಕ್ಕೆ ಹಾಕೋ ಮಾಲು, ಮುರಿಯೋ ಮಾತೇ ಇಲ್ಲ"

ಮಾತಿನ ಮೊದಲರ್ಧ ಸುಳ್ಳಲ್ಲ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಥ ಸಂಯುಕ್ತ ವಸ್ತುವೇ. ಕಾರ್ಬನ್ ನಾರು ಮತ್ತು ಅಂಟು ಸೇರಿದ ಈ ವಸ್ತುವಿನ ಸಾಂದ್ರತೆ ನೀರಿನ ಒಂದೂವರೆ ಪಟ್ಟಿಗಿಂತ ಕೊಂಚ ಹೆಚ್ಚು, ಉಕ್ಕಿನದು ಸುಮಾರು 7.8 ಪಟ್ಟು. ಉದ್ದಕ್ಕೆ ಎಳೆದರೆ ಕಾರ್ಬನ್ ನಾರು ಸಾಮಾನ್ಯ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಭಾರ ತಡೆಯುತ್ತದೆ.

ಆದರೆ ಗಟ್ಟಿ ಎಂಬುದು ಒಂದೇ ಗುಣವಲ್ಲ. ಕಟ್ಟಡಕ್ಕೆ ಹಾಕುವ ಕಬ್ಬಿಣದ ಸರಳಿನ 100 ಮಿಲಿಮೀಟರ್ ತುಂಡನ್ನು ಎಳೆಯುತ್ತ ಹೋದರೆ ತುಂಡಾಗುವ ಮುಂಚೆ ಅದು 12 ಮಿಲಿಮೀಟರಾದರೂ ಉದ್ದವಾಗುತ್ತದೆ. ಅಂದರೆ ಸೋಲುವ ಮೊದಲು ಬಾಗುತ್ತದೆ, ಕಣ್ಣಿಗೆ ತೋರಿಸುತ್ತದೆ. ಕಾರ್ಬನ್ ನಾರು ಅಷ್ಟೇ ಉದ್ದದಲ್ಲಿ ಒಂದೂವರೆ ಮಿಲಿಮೀಟರ್ ಹಿಗ್ಗುವ ಹೊತ್ತಿಗೆ ಕತ್ತರಿಸಿಹೋಗುತ್ತದೆ. ಬಿದಿರು ಕೂಡ ಮುರಿಯುವ ಮುಂಚೆ ಚಿರ್ ಎಂದು ಸೀಳು ಬಿಟ್ಟು ಎಚ್ಚರಿಸುತ್ತಿತ್ತು. ಬಿದಿರಿನ ಗಳ ಹಿಡಿದು ಪಳಗಿದ ಕೈ ಆ ಎಚ್ಚರಿಕೆಗೆ ಕಾಯುತ್ತದೆ. ಕಾರ್ಬನ್ ಅದನ್ನು ಕೊಡುವುದಿಲ್ಲ.

ಇನ್ನೊಂದು ಸಂಗತಿ ನಾರಿನ ದಿಕ್ಕು. ದೋಟಿಯಲ್ಲಿ ಬಹುಪಾಲು ನಾರು ಉದ್ದಕ್ಕೆ ಮಲಗಿರುತ್ತದೆ, ಸುತ್ತ ಬಳಸಿದ ನಾರು ಕಡಿಮೆ. ಕೊಳವೆಯ ಗೋಡೆಯೋ ಒಂದೆರಡು ಮಿಲಿಮೀಟರ್. ಉದ್ದಕ್ಕೆ ಎಳೆದರೆ ಅದು ಭೀಮ. ಅಡ್ಡಕ್ಕೆ ಒತ್ತಿದರೆ, ತುಳಿದರೆ, ಚೂಪಾದ ಅಂಚಿಗೆ ತಾಗಿಸಿದರೆ ಪಪ್ಪಾಯಿ ಎಲೆಯ ಟೊಳ್ಳು ದಂಟು. ವಿಮಾನದವರು ಇದನ್ನು ಬಲ್ಲರು. ಅಂಥ ರೆಕ್ಕೆಗೆ ಏಟು ಬಿದ್ದರೆ ಶ್ರವಣಾತೀತ ತರಂಗ ಹಾಯಿಸಿ ಒಳಗೆ ಪದರ ಬಿಟ್ಟಿದೆಯೇ ಎಂದು ನೋಡುತ್ತಾರೆ. ಮೇಲ್ಮೈ ನುಣ್ಣಗಿದ್ದರೂ ಒಳಪದರ ಕಳಚಿರಬಹುದು ಎಂಬುದೇ ಅದಕ್ಕೆ ಕಾರಣ. ನಾವು ಅದೇ ಮಾಲನ್ನು ಬದುವಿನ ಮೇಲೆ ಎಸೆಯುತ್ತೇವೆ.

"ಬಾಗಿತು ಅಂದ್ರೆ ಮುರೀತು ಅಂತಲೇ ಲೆಕ್ಕ"

ಇದು ಎದುರು ದಿಕ್ಕಿನ ತಪ್ಪು. ದೋಟಿ ತುದಿಯಲ್ಲಿ ತೊನೆಯುವುದನ್ನು ಕಂಡು ಹೆದರುವವರಿದ್ದಾರೆ. ಉದ್ದದ ಗಳ ಬಾಗಲೇಬೇಕು. ಜಗಳೂರು ಸುತ್ತಿನ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಗಳೂ ನಾರು-ಅಂಟಿನವೇ, ಹೆಚ್ಚಿನವು ಗಾಜಿನ ನಾರಿನವು. ಗಾಳಿಗೆ ಅವು ಬಾಗಿಕೊಂಡೇ ವರ್ಷಗಟ್ಟಲೆ ದುಡಿಯುತ್ತವೆ. ಮೆಲ್ಲಗೆ, ಉದ್ದಕ್ಕೂ ಹರಡಿಕೊಂಡು ಬಂದ ಬಾಗು ದೋಟಿಗೆ ತೊಂದರೆ ಮಾಡದು. ಒಂದೇ ಜಾಗದಲ್ಲಿ, ತಟಕ್ಕನೆ ಬಂದ ಬಾಗು ಕೊಲ್ಲುತ್ತದೆ.

ಅಂಥ ಬಾಗು ಗೊನೆ ಕೊಯ್ಯುವಾಗಲೇ ಬರುವುದಿಲ್ಲ. ದೋಟಿ ಎತ್ತುವಾಗ, ಇಳಿಸುವಾಗ, ಮರದಿಂದ ಮರಕ್ಕೆ ಹೋಗುವಾಗ ಬರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ನೆಟ್ಟಗೆ ನಿಂತ ದೋಟಿಯ ಭಾರ ನೇರ ನೆಲಕ್ಕಿಳಿಯುತ್ತದೆ. 10 ಡಿಗ್ರಿ ವಾಲಿದರೆ ಬುಡದ ಮೇಲೆ ಒಂದಿಷ್ಟು ಬಾಗಿಸುವ ಹೊರೆ. ಅದೇ ದೋಟಿಯನ್ನು ಪೂರ್ತಿ ಬಿಚ್ಚಿ ನೆಲದಲ್ಲಿ ಮಲಗಿಸಿ, ಬುಡ ಹಿಡಿದು ಎತ್ತಿದರೆ ಹೊರೆ ಅದರ ಸುಮಾರು ಆರು ಪಟ್ಟು. 60 ಅಡಿಯ ತುದಿಯಲ್ಲಿ ಅರ್ಧ ಕಿಲೋ ಕತ್ತಿ ಇದ್ದರೆ, ಮಲಗಿದ ಗಳದ ಬುಡಕ್ಕೆ ಅದೊಂದೇ ಒಂದು ಮೀಟರ್ ಕೋಲಿನ ತುದಿಗೆ ಒಂಬತ್ತು ಕಿಲೋ ಕಟ್ಟಿದ ಹಾಗೆ. ದೋಟಿಯ ತೂಕ ಇದಕ್ಕೆ ಸೇರಿಲ್ಲ.

ಆದ್ದರಿಂದ ಬಲ್ಲವರು ದೋಟಿಯನ್ನು ಮಡಚಿದ ಸ್ಥಿತಿಯಲ್ಲೇ ಮರದ ಬುಡದಲ್ಲಿ ನೆಟ್ಟಗೆ ನಿಲ್ಲಿಸಿ, ತುದಿಯ ಸಣ್ಣ ತುಂಡಿನಿಂದ ಶುರುಮಾಡಿ ಒಂದೊಂದೇ ಬಿಚ್ಚುತ್ತ ಏರಿಸುತ್ತಾರೆ. ಇಳಿಸುವಾಗ ಕೆಳಗಿನ ದಪ್ಪ ತುಂಡಿನಿಂದ ಮಡಚುತ್ತಾರೆ. ಪಕ್ಕದ ಮರಕ್ಕೆ ಹೋಗುವಾಗ ನೆಟ್ಟಗೇ ಹಿಡಿದು ನಡೆಯುತ್ತಾರೆ; ದೂರ ಇದ್ದರೆ ಎರಡು ತುಂಡಾದರೂ ಮಡಚಿಕೊಳ್ಳುತ್ತಾರೆ. ಜಗಳೂರಿನ ಎಳೆಮರಕ್ಕೆ 60 ಅಡಿ ದೋಟಿ ಬಂದರೆ ಬೇಕಾದಷ್ಟೇ ಬಿಚ್ಚಬೇಕು. ಬಿಚ್ಚಿಟ್ಟ ಉದ್ದ ಮರದ ತಲೆಯ ಮೇಲೆ ಚಾಚಿಕೊಂಡು ಗಾಳಿಗೆ ಸಿಕ್ಕಿದರೆ ಯಾವ ಪ್ರಯೋಜನವೂ ಇಲ್ಲ.

ಕತ್ತಿಯ ಮಾತೂ ಇಲ್ಲೇ ಬರಬೇಕು. ಮೊಂಡ ಕತ್ತಿಯಿಂದ ಮುರಿದ ದೋಟಿಗಳೇ ಹೆಚ್ಚು ಎಂದು ನನಗನ್ನಿಸಿದೆ. ಕತ್ತಿ ಹರಿತವಿದ್ದರೆ ನೇರ ಕೆಳಕ್ಕೆ ಒಂದು ಎಳೆತ ಸಾಕು. ಆ ಎಳೆತ ನಾರಿನ ಉದ್ದಕ್ಕೇ ಬೀಳುತ್ತದೆ, ಕಾರ್ಬನ್ನಿಗೆ ಅದು ಸುಲಭದ ಕೆಲಸ. ಮೊಂಡಾದರೆ ಕೈ ಜಗ್ಗುತ್ತದೆ, ಆಮೇಲೆ ಪಕ್ಕಕ್ಕೆ ಮೀಟುತ್ತದೆ. ಒಂದೊಂದು ಜಗ್ಗಿಗೂ ಪ್ರತಿ ಕೀಲಿನಲ್ಲಿ ಒಂದು ಏಟು. ಮಧ್ಯಾಹ್ನದ ಊಟದ ಹೊತ್ತಿಗೆ ಒಮ್ಮೆ ಅರ ಹಾಕಿದರೆ ಉಳಿಯುವುದು ಕತ್ತಿಗಿಂತ ಹೆಚ್ಚಾಗಿ ದೋಟಿ. ಕೊಯ್ದ ಗೊನೆ ಗಳದ ಮೇಲೇ ಬೀಳದಂತೆ ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲುವುದೂ ಅಷ್ಟೇ ಮುಖ್ಯ. ನಿಂತವನ ತಲೆಗೂ ಅದು ಒಳ್ಳೆಯದು. ಹೆಲ್ಮೆಟ್ ಇಲ್ಲದೆ ದೋಟಿ ಹಿಡಿಯಬಾರದು.

"ಕ್ಲ್ಯಾಂಪ್ ಬಿಗಿಯಾದಷ್ಟೂ ಭದ್ರ"

ಜಾರುವ ದೋಟಿ ಕಂಡರೆ ನಮ್ಮ ಕೈ ಸ್ಪ್ಯಾನರ್ ಹುಡುಕುತ್ತದೆ. ತುಂಡುಗಳ ಕೀಲಿನಲ್ಲಿರುವ ಕ್ಲ್ಯಾಂಪ್ ಮಾಡುವ ಕೆಲಸ ಕೊಳವೆಯನ್ನು ಸುತ್ತಲಿಂದ ಒತ್ತುವುದು, ಕಾರ್ಬನ್ನಿಗೆ ಬೇಡದ ದಿಕ್ಕು ಅದೇ. ಅತಿಯಾಗಿ ಬಿಗಿದರೆ ಕ್ಲ್ಯಾಂಪಿನ ಅಂಚಿನಿಂದ ಉದ್ದಕ್ಕೆ ಕೂದಲೆಳೆಯಷ್ಟು ಸೀಳು ಹೊರಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ.

ಕ್ಲ್ಯಾಂಪ್ ಬೆರಳಲ್ಲಿ ಮುಚ್ಚುವಂತಿರಬೇಕು, ಮುಚ್ಚಿದ ಮೇಲೆ ತುಂಡು ಜಾರಬಾರದು. ಅಷ್ಟಾಗಿಯೂ ಜಾರಿದರೆ ಮೊದಲು ಒಳಗಿನ ಧೂಳು, ಕೆಸರು, ಎಣ್ಣೆ ನೋಡಬೇಕು. ಹತ್ತರಲ್ಲಿ ಎಂಟು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹಿಡಿತ ಮರಳುತ್ತದೆ. "ಸಲೀಸಾಗಿ ಸರೀಲಿ" ಎಂದು ಗ್ರೀಸು, ಕೊಬ್ಬರಿ ಎಣ್ಣೆ ಹಚ್ಚುವವರು ಇದೇ ಜಾರುವಿಕೆಯನ್ನು ಕೈಯಾರೆ ತಂದುಕೊಳ್ಳುತ್ತಾರೆ. ಎಣ್ಣೆಗೆ ಮರಳು ಅಂಟುತ್ತದೆ, ಆ ಮರಳು ಪ್ರತಿ ಸಲ ಎಳೆದು ಮಡಚುವಾಗ ಉಪ್ಪುಕಾಗದದಂತೆ ಕೊಳವೆಯನ್ನು ಉಜ್ಜುತ್ತದೆ. ಹೊಳೆ ದಂಡೆಯ ತೋಟದವರು ಇದನ್ನು ವಿಶೇಷವಾಗಿ ನೆನಪಿಡಬೇಕು.

"ಇನ್ನೊಂದಡಿ ಬರುತ್ತೆ, ಎಳಿ"

ಮರ ಕೊಂಚ ಎತ್ತರವಾಯಿತು, ದೋಟಿ ಒಂದಡಿ ಸಾಲದು. ತುಂಡಿನ ಮೇಲಿರುವ ಗೆರೆ ದಾಟಿಸಿ ಎಳೆಯುತ್ತೇವೆ. ಒಂದು ತುಂಡು ಇನ್ನೊಂದರೊಳಗೆ ಕೂತಿರುವ ಆ ಗೇಣುದ್ದವೇ ಬಾಗಿಸುವ ಬಲವನ್ನೆಲ್ಲ ಹೊರುವ ಜಾಗ. ಅದು ಅರ್ಧವಾದರೆ ಹೊರಕೊಳವೆಯ ಬಾಯಿಯ ಮೇಲಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಬಾಯಿ ಸೀಳುವುದು ಹೀಗೆ. ಒಂದಡಿ ಬೇಕಿದ್ದರೆ ಉದ್ದದ ದೋಟಿ ತರಬೇಕು; ಬೇರೆ ದಾರಿ ಇಲ್ಲ.

"ಔಷಧಿ ಹೊಡೆದ್ಮೇಲೆ ತೊಳೆಯೋದು ನಾಜಲ್, ಪಂಪು ಅಷ್ಟೇ. ಕಾರ್ಬನ್ನಿಗೆ ಏನಾಗುತ್ತೆ?"

ಕಾರ್ಬನ್ನಿಗೆ ಏನೂ ಆಗುವುದಿಲ್ಲ, ನಿಜ. ಆಗುವುದು ಅದಕ್ಕೆ ಅಂಟಿಕೊಂಡವುಗಳಿಗೆ.

ಬೋರ್ಡೋ ದ್ರಾವಣ ನಮಗೆ ನೂರು ವರ್ಷಕ್ಕೂ ಹಳೆಯ ನೆಂಟ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಬಳಸಿ ತೋರಿಸಿದವರು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಹದ ಸರಿ ಇದೆಯೇ ಎಂದು ನೋಡಲು ಥಳಥಳಿಸುವ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ತುಕ್ಕುಬಣ್ಣದ ಪೊರೆ ಬಂದರೆ ಸುಣ್ಣ ಸಾಲದು ಎಂದರ್ಥ. ತಾಮ್ರ ಕಬ್ಬಿಣದ ಮೇಲೆ ಕೂರುವುದನ್ನು ಅಷ್ಟು ಚೆನ್ನಾಗಿ ಬಲ್ಲ ನಾವು, ಅದೇ ದ್ರಾವಣ ದೋಟಿಯ ಕ್ಲ್ಯಾಂಪಿನ ಬೋಲ್ಟಿಗೆ ದಿನವಿಡೀ ತೊಟ್ಟಿಕ್ಕುವುದನ್ನು ಮರೆಯುತ್ತೇವೆ.

ಕ್ಲ್ಯಾಂಪ್ ಅಲ್ಯೂಮಿನಿಯಂನದಾದರೆ ತೊಂದರೆ ಇಮ್ಮಡಿ. ಕಾರ್ಬನ್, ಅಲ್ಯೂಮಿನಿಯಂ ಎರಡೂ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ, ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಬಿಳಿ ಹಿಟ್ಟಿನಂಥ ಪುಡಿ ಕ್ಲ್ಯಾಂಪಿನ ಕೆಳಗೆ ಕಂಡರೆ ಅದು ಬರೀ ಸುಣ್ಣವೆಂದು ಕೈಬಿಡಬೇಡಿ. ಆ ಪುಡಿ ಉಬ್ಬಿ ಕೊಳವೆಯನ್ನೂ ಒತ್ತುತ್ತದೆ, ಬೋಲ್ಟನ್ನೂ ತಿನ್ನುತ್ತದೆ. ಕೆಲಸ ಮುಗಿದ ಸಂಜೆಯೇ ಒಂದು ಬಿಂದಿಗೆ ಸಿಹಿನೀರಲ್ಲಿ ತೊಳೆದು, ತುಂಡುಗಳನ್ನು ಬಿಚ್ಚಿ, ಬಾಯಿ ಕೆಳಗೆ ಮಾಡಿ ನೀರು ಬಸಿದುಹೋಗಲು ಬಿಡಬೇಕು.

ಪೈಪಿನ ಭಾರವನ್ನೂ ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 8 ಮಿಲಿಮೀಟರ್ ಒಳಗಂಡಿಯ 60 ಅಡಿ ಪೈಪಿನಲ್ಲಿ ತುಂಬುವ ದ್ರವವೇ ಸುಮಾರು 900 ಮಿಲಿಲೀಟರ್, ಪೈಪಿನ ತೂಕ ಬೇರೆ. ಕೊಯ್ಲಿಗೆಂದು ತಂದ ಸಪೂರ ದೋಟಿಗೇ ಪೈಪು ಸುತ್ತಿ ಔಷಧಿ ಹೊಡೆದರೆ ಆ ಭಾರ ಒಂದೇ ಕಡೆ ಜೋತು ಗಳವನ್ನು ಸದಾ ಒಂದು ಮಗ್ಗುಲಿಗೆ ಎಳೆಯುತ್ತಿರುತ್ತದೆ. ಕೆಳಗಿನ ಪೈಪು ಗಿಡಕ್ಕೋ ಬಾಳೆಗೋ ಸಿಕ್ಕಿಕೊಂಡಾಗ ದೋಟಿಯಿಂದಲೇ ಜಗ್ಗಿ ಬಿಡಿಸಬಾರದು. ಇನ್ನೊಬ್ಬರು ಪೈಪು ಹಿಡಿದುಕೊಂಡು ಹಿಂದೆ ನಡೆಯಬೇಕು. ಅದು ಎರಡನೇ ಆಳಿನ ದಂಡದ ಖರ್ಚು ಎನ್ನುವವರು ಒಂದು ತುಂಡಿನ ಬೆಲೆ ವಿಚಾರಿಸಿ ನೋಡಲಿ.

"ಕಪ್ಪು ಚೌಕುಳಿ ನೇಯ್ಗೆ ಇದ್ರೆ ಅಸಲಿ"

ಆ ನೇಯ್ಗೆ ಹೊರಗಿನ ಒಂದು ಪದರದ್ದು, ಹೆಚ್ಚಾಗಿ ಅಂದಕ್ಕೆ. ಒಳಗೆ ಕಾರ್ಬನ್ ಎಷ್ಟು, ಗಾಜಿನ ನಾರು ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಒಂದೇ ಉದ್ದದ ಎರಡು ದೋಟಿ ಹಿಡಿದು ನೋಡಿ, ತೂಕ ಮತ್ತು ತೊನೆತ ಹೇಳುತ್ತವೆ. ಗಾಜಿನ ನಾರು ಜಾಸ್ತಿಯಿದ್ದರೆ ತೂಕ ಹೆಚ್ಚು, ತುದಿ ಹೆಚ್ಚು ತೂಗಾಡುತ್ತದೆ. ಕೊಳ್ಳುವ ಮುಂಚೆ ಬಿಡಿ ತುಂಡು, ಕ್ಲ್ಯಾಂಪ್ ಇಲ್ಲೇ ಸಿಗುತ್ತವೆಯೇ ಎಂದು ಕೇಳಿ. ನೇಯ್ಗೆಗಿಂತ ಆ ಉತ್ತರ ಮುಖ್ಯ.

"ಬಿಸಿಲಿಗೆ ಇದಕ್ಕೇನು, ಪ್ಲಾಸ್ಟಿಕ್ಕಾ?"

ನಾರಿಗೆ ಏನೂ ಆಗದು. ನಾರನ್ನು ಹಿಡಿದಿಟ್ಟಿರುವ ಎಪಾಕ್ಸಿ ಅಂಟು ವರ್ಷಗಟ್ಟಲೆ ಬಿಸಿಲು ಕುಡಿದರೆ ಮೇಲ್ಮೈಯಲ್ಲಿ ಬೂದಿ ಬಳಿದಂತೆ ಮಂಕಾಗಿ ಉದುರುತ್ತದೆ, ಕಾವು ಹೆಚ್ಚಾದರೆ ಮೆದುವಾಗುತ್ತದೆ. ನಮ್ಮ ಸೀಮೆಯಲ್ಲಿ ಹಸಿ ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರು ಕುದಿಯುವ ಹಂಡೆಯ ಪಕ್ಕದ ಗೋಡೆಗೇ ದೋಟಿ ಒರಗಿಸುವ ರೂಢಿ ಇದೆ, ಕೈಗೆ ಸಿಗುತ್ತದೆ ಅಂತ. ಒಲೆಯ ಕಾವಿನಲ್ಲಿ ವಾಲಿ ನಿಂತ ಗಳ ಕೊಂಕುತ್ತದೆ. ಜಂತೆಗೆ ಮೂರು ಕಡೆ ಅಗಲವಾದ ಬಟ್ಟೆಪಟ್ಟಿ ಇಳಿಬಿಟ್ಟು ಅದರಲ್ಲಿ ಮಲಗಿಸಿಡುವುದು ಲೇಸು. ಸಾಗಿಸುವಾಗ ದಪ್ಪ ಪಿವಿಸಿ ಪೈಪೊಂದರೊಳಗೆ ತೂರಿಸಿ, ಆ ಪೈಪನ್ನು ಗಾಡಿಗೆ ಕಟ್ಟಿ. ನಮ್ಮ ದೋಟಿ ಮುರಿದ ಮೇಲೆ ಮಾಡಿಕೊಂಡ ಮೊದಲ ಏರ್ಪಾಡು ಅದೇ.

"ಸಣ್ಣ ಬಿರುಕು, ಟೇಪು ಸುತ್ತಿದ್ರೆ ಆಯ್ತು"

ಟೇಪು ಬಿರುಕನ್ನು ಮುಚ್ಚುತ್ತದೆ, ಹಿಡಿಯುವುದಿಲ್ಲ. ಎಂ-ಸೀಲ್ ಬಳಿದರೂ ಹಾಗೇ. ತುಂಡಾದ ನಾರು ಭಾರ ಹೊರುವುದಿಲ್ಲ, ಮೇಲೆ ಬಳಿದದ್ದು ಬರೀ ಗಾರೆ. ಮುಚ್ಚಿದ ಬಿರುಕು ಬೆಳೆಯುವುದು ಯಾರಿಗೂ ಕಾಣದು, ಅದೇ ದೊಡ್ಡ ಅಪಾಯ. ನಿಜವಾದ ರಿಪೇರಿಗೆ ಹಾಳಾದ ಜಾಗದ ಎರಡೂ ಬದಿ ಸಾಕಷ್ಟು ದೂರ ಇಳಿಜಾರಾಗಿ ಉಜ್ಜಿ, ಹೊಸ ಕಾರ್ಬನ್ ಬಟ್ಟೆ ಎಪಾಕ್ಸಿಯಲ್ಲಿ ನೆನೆಸಿ ಪದರ ಪದರವಾಗಿ ಸುತ್ತಬೇಕು. ಅದು ತಿಳಿದವರ ಕೆಲಸ. ಜಾರುವ ಕೀಲಿನ ಜಾಗದಲ್ಲಾದರೆ ಅದೂ ಆಗದು, ದಪ್ಪ ಹೆಚ್ಚಾಗಿ ತುಂಡು ಒಳಗೇ ಹೋಗುವುದಿಲ್ಲ. ತುಂಡು ಬದಲಿಸುವುದೇ ದಾರಿ. ಮನೆಯಲ್ಲಿ ಗರಗಸ ಹಾಕುವವರು ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಆ ಕಪ್ಪು ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಚರ್ಮಕ್ಕೆ ಹೊಕ್ಕ ಸಿಬಿರು ತೆಗೆಯುವುದೂ ಕಷ್ಟ.

"ಕಬ್ಬಿಣ ಅಲ್ಲ, ಅಲ್ಯೂಮಿನಿಯಂ ಅಲ್ಲ, ಕರೆಂಟು ಹೊಡೆಯಲ್ಲ"

ಉಳಿದ ತಪ್ಪುಗಳಿಂದ ಹೋಗುವುದು ದೋಟಿ. ಇದರಿಂದ ಹೋಗುವುದು ಮನುಷ್ಯ. ಹೊನ್ನಾಳಿಯ ಒಂದು ತೋಟದಲ್ಲಿ, ಲೈನಿನ ಪಕ್ಕದ ಸಾಲಿನಲ್ಲೇ ನಿಂತು, "ಇದು ಫೈಬರ್ ಸ್ವಾಮಿ, ಏನೂ ಆಗಲ್ಲ" ಎಂದು ನಗುತ್ತ ಹೇಳಿದವರನ್ನು ನಾನು ಕಂಡಿದ್ದೇನೆ. ನನ್ನ ಎದೆ ಡವಗುಟ್ಟಿತು.

ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಚಿಕ್ಕಂದಿನಲ್ಲಿ ಹಳೇ ಟಾರ್ಚ್ ಸೆಲ್ ಒಡೆದಾಗ ನಡುವೆ ಸಿಗುತ್ತಿದ್ದ ಕಪ್ಪು ಕಡ್ಡಿ ನೆನಪಿದೆಯೇ? ಗೋಡೆಯ ಮೇಲೆ ಗೀಚುತ್ತಿದ್ದೆವು. ಅದು ಕಾರ್ಬನ್ನೇ; ಸೆಲ್ಲಿನೊಳಗಿಂದ ಕರೆಂಟು ಹೊರಬರುತ್ತಿದ್ದದ್ದು ಅದರ ಮೂಲಕ. ಇನ್ನೂ ಹಿಂದಿನ ಸಾಕ್ಷಿ ಬೇಕೆಂದರೆ, 1880ರ ಸುಮಾರಿಗೆ ಎಡಿಸನ್ ತನ್ನ ಬಲ್ಬಿನೊಳಗೆ ಹಾಕಿದ ಎಳೆ ಸುಟ್ಟು ಇಂಗಾಲವಾಗಿಸಿದ ಬಿದಿರು. ಬಿದಿರಿನ ದೋಟಿಯಿಂದ ಕಾರ್ಬನ್ ದೋಟಿಗೆ ಬಂದ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು: ಒಣ ಬಿದಿರು ಕರೆಂಟಿಗೆ ಹೆಚ್ಚುಕಡಿಮೆ ತಡೆ, ಅದೇ ಬಿದಿರು ಇಂಗಾಲವಾದರೆ ದೀಪ ಉರಿಸುವ ತಂತಿ. ಇವತ್ತಿನ ಕಾರ್ಬನ್ ನಾರು ಸ್ವೆಟರಿನ ನೂಲಿನಂಥದೇ ಅಕ್ರಿಲಿಕ್ ಎಳೆಯನ್ನು ಗಾಳಿಯಿಲ್ಲದೆ ಸಾವಿರ ಡಿಗ್ರಿಗೂ ಮೀರಿ ಕಾಯಿಸಿ ಇಂಗಾಲವಾಗಿಸಿದ್ದು.

ತೋಟದ ಮೇಲೆ ಹಾಯುವ ಲೈನುಗಳಲ್ಲಿ ಹಲವು 11,000 ವೋಲ್ಟಿನವು. ಲೈನಿಗೆ ದೋಟಿ ತಾಗಿ ಜೀವ ಹೋದ ಸುದ್ದಿ ಅಡಿಕೆ ಸೀಮೆಯವರಿಗೆ ಹೊಸದಲ್ಲ. ಕೈಹಿಡಿಯ ರಬ್ಬರ್ ಅಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ. ಕಾಲಿಗೆ ಚಪ್ಪಲಿ ಇದೆ ಎಂಬ ಧೈರ್ಯವೂ ಬೇಡ. ಕರೆಂಟು ತಡೆಯಲೆಂದು ಬುಡದಲ್ಲಿ ಗಾಜಿನ ನಾರಿನ ತುಂಡು ಸೇರಿಸಿದ ದೋಟಿಗಳಿವೆ. ಆದರೆ ಆ ತುಂಡಿನ ಮೈಮೇಲೆ ಇಬ್ಬನಿಯೋ ಬೋರ್ಡೋ ತೇವವೋ ಇದ್ದರೆ ಕರೆಂಟಿಗೆ ಅದೇ ದಾರಿ. ಔಷಧಿ ದೋಟಿಯಲ್ಲಂತೂ ತಾಮ್ರ, ಸುಣ್ಣ ಕಲಸಿದ ನೀರು ಪೈಪಿನ ತುಂಬ ನೆಲದವರೆಗೆ ನಿಂತಿರುತ್ತದೆ.

"ತಾಗಿಸದಂತೆ ಹುಷಾರಾಗಿ ಕೊಯ್ತೀವಿ" ಎನ್ನುವುದೂ ಸಾಲದು, ಏಕೆಂದರೆ ದೋಟಿ ಕೈತಪ್ಪಿ ಬೀಳಬಹುದು. ಬಿದ್ದಾಗ ಅದು ತನ್ನ ಪೂರ್ತಿ ಉದ್ದಕ್ಕೆ ಮಲಗುತ್ತದೆ. ಹಾಗಾಗಿ ಅಳತೆ ಇಷ್ಟೇ: ನಿಂತ ಜಾಗದಿಂದ ದೋಟಿಯ ಉದ್ದದೊಳಗೆ, ಅದಕ್ಕೂ ಒಂದಿಷ್ಟು ಹೆಚ್ಚು ದೂರದೊಳಗೆ, ಲೈನ್ ಇದ್ದರೆ ಬಿಚ್ಚಬೇಡಿ. ಆ ಸಾಲಿನ ಮರಗಳನ್ನು ಬೇರೆ ದಿನಕ್ಕಿಟ್ಟು, ಲೈನ್‌ಮನ್‌ಗೆ ತಿಳಿಸಿ, ಅವರು ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು ಲೈನ್ ಬಂದ್ ಮಾಡಿಸಿದ್ದು ಖಾತ್ರಿಯಾದ ಮೇಲೆ ಕೊಯ್ಯಿರಿ. ನಮ್ಮ ಜಿಲ್ಲೆ ಬೆಸ್ಕಾಂ ವ್ಯಾಪ್ತಿಗೆ ಬರುತ್ತದೆ, ಸಹಾಯವಾಣಿ 1912. ಮುರಿದ ತುಂಡು ಲೈನಿಗೆ ಜೋತುಬಿದ್ದರೆ ಬಿದಿರಿನ ಗಳದಿಂದಲೂ ಕೆಡವಲು ಹೋಗಬೇಡಿ. ಯಾರಾದರೂ ದೋಟಿ ಸಮೇತ ಬಿದ್ದಿದ್ದರೆ ಕರೆಂಟು ಹೋಗಿದೆ ಎಂದು ತಿಳಿಯುವ ತನಕ ಅವರನ್ನೂ ದೋಟಿಯನ್ನೂ ಮುಟ್ಟುವಂತಿಲ್ಲ. ಬರೆಯುವುದು ಸುಲಭ, ಕಣ್ಣೆದುರು ಮನೆಯವರೇ ಬಿದ್ದಾಗ ತಡೆದುಕೊಳ್ಳುವುದು ಕಷ್ಟ. ಅದಕ್ಕೇ ಕೊಯ್ಲು ಶುರುವಾಗುವ ಮುಂಚೆಯೇ, ಬೆಳಗಿನ ಚಹಾದ ಹೊತ್ತಿಗೆ, ಎಲ್ಲರೂ ಕೂತಾಗ ಇದನ್ನು ಹೇಳಿಬಿಡಬೇಕು.

ಈಗ ನಮ್ಮಲ್ಲಿ ಬೆಳಗಿನ ಮೊದಲ ಕೆಲಸ ನಾಣ್ಯದ್ದು. ತುಂಡುಗಳನ್ನು ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿ, ಐದು ರೂಪಾಯಿಯ ನಾಣ್ಯದ ಅಂಚಿನಿಂದ ಬುಡದಿಂದ ತುದಿಯವರೆಗೆ ಅಂಗುಲಕ್ಕೊಂದು ಸಲ ತಟ್ಟುತ್ತ ಹೋಗುವುದು. ಗಟ್ಟಿ ಕೊಳವೆ 'ಟಿಣ್' ಎನ್ನುತ್ತದೆ. ಪದರ ಬಿಟ್ಟ ಜಾಗದಲ್ಲಿ ಸದ್ದು ಕೂತುಹೋಗುತ್ತದೆ, ಒಡಕು ಮಡಕೆಯ ಹಾಗೆ. ಆಮೇಲೆ ಒಂದು ಹಿಡಿ ಹತ್ತಿಯನ್ನು ಮೈಮೇಲೆ ಸವರುವುದು; ಎದ್ದ ನಾರಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಪ್ರತಿ ಕ್ಲ್ಯಾಂಪಿನ ಅಡಿ ಉಗುರು ಆಡಿಸುವುದು. ಎಲ್ಲ ಸೇರಿ ಹತ್ತು ನಿಮಿಷ.

ಆ ಹುಡುಗನೇ ಇದನ್ನು ಮಾಡುತ್ತಾನೆ. ಅವನ ಕಿವಿ ನನ್ನದಕ್ಕಿಂತ ಚುರುಕು. ಮೊನ್ನೆ ಚೇಣಿದಾರರ ಗಾಡಿಯಿಂದ ಇಳಿದ ಇನ್ನೊಂದು ದೋಟಿಯ ಮೂರನೇ ತುಂಡಿನ ಹತ್ತಿರ ನಿಂತುಬಿಟ್ಟ. ಇನ್ನೊಮ್ಮೆ ತಟ್ಟಿದ, ನನ್ನನ್ನು ಕರೆದ. "ಅಣ್ಣಾ, ಇಲ್ಲಿ ಕೇಳು, ಬೇರೆ ಥರ ಐತೆ." ನನಗೆ ಗೊತ್ತಾಗಲಿಲ್ಲ. ಮೂರನೇ ಸಲ ತಟ್ಟಿದಾಗ ಕೇಳಿಸಿತು. ಆ ತುಂಡಿಗೆ ಕೆಂಪು ದಾರ ಕಟ್ಟಿ ಬದಿಗಿಟ್ಟೆವು. ಅವತ್ತು ಎತ್ತರದ ಮರಗಳನ್ನು ಬಿಟ್ಟು, 40 ಅಡಿಯೊಳಗಿನ ಸಾಲುಗಳನ್ನಷ್ಟೇ ಕೊಯ್ದು ಮುಗಿಸಿದೆವು.